ಮೂರನೇ ಸಹಿ

ಸಿದ್ದಾಪುರದ ಕಡೆಯ ಕಾಫಿ ತೋಟಗಳಲ್ಲಿ ಮಾದನ ಗಂಟಲನ್ನು ಅರಿಯದವರಿಲ್ಲ. ಕೂಲಿ ಹೆಚ್ಚಿಸಿ ಎಂದು ಅವನೊಮ್ಮೆ ಕೂಗಿದರೆ ಕೆಳಗೆ ಕೂಲಿಯವರ ಸಾಲುಮನೆಗಳ ಲೈನಿನ ನಾಯಿಗಳೂ ಎದ್ದು ಕೂರುತ್ತಿದ್ದವು. ಕೂಲಿ ಏರುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು. ಮೂವತ್ತು ವರ್ಷದ ಹೋರಾಟದಲ್ಲಿ ಅವನು ಎರಡು ಸಲ ಲಾಕಪ್ಪಿನಲ್ಲಿ ಮಲಗಿದ್ದ, ಒಂದು ಸಲ ಉಪವಾಸ ಕೂತು ಮೂರನೇ ದಿನ ಕದ್ದು ಬಾಳೆಹಣ್ಣು ತಿಂದಿದ್ದ. ಲೈನಿಗೆ ಕುಡಿಯುವ ನೀರಿನ ನಲ್ಲಿ ಬೇಕೆಂದು ಹನ್ನೊಂದು ವರ್ಷದಿಂದ ಪ್ರತಿ ಬೇಸಿಗೆ ಪಂಚಾಯಿತಿಗೆ ಮನವಿ ಕೊಡುತ್ತಲೇ ಇದ್ದ. ನಲ್ಲಿ ಇನ್ನೂ ಬಂದಿರಲಿಲ್ಲ.

ವಯಸ್ಸು ಅರವತ್ತು ದಾಟಿ, ಯೂನಿಯನ್ನೂ ಸೊರಗಿದ ಮೇಲೆ ಆ ಗಂಟಲಿಗೆ ಉಳಿದದ್ದು ಫುಟ್‌ಬಾಲ್. ಲೈನಿನ ಹುಡುಗರ ತಂಡ ‘ಲೈನ್ ಬ್ರದರ್ಸ್’ ಎಲ್ಲಿ ಆಡಿದರೂ ಮಾದ ಹಾಜರ್. ಅವನು ಜನ್ಮದಲ್ಲಿ ಚೆಂಡು ಮುಟ್ಟಿದ್ದು ಒಂದೇ ಸಲ. ಅದೂ ಚೆಂಡೇ ಬಂದು ಮುಖಕ್ಕೆ ಬಡಿದಾಗ.

ತಂಡದ ಕೋಚ್ ಬೆಳ್ಯಪ್ಪ. ಮಿಲಿಟರಿಯಲ್ಲಿ ಸುಬೇದಾರನಾಗಿದ್ದು ನಿವೃತ್ತನಾದವನು, ಪಕ್ಕದಲ್ಲೇ ಐದೆಕರೆ ತೋಟ. ಬಿಡಿಗಾಸು ಮುಟ್ಟದೆ ಹುಡುಗರಿಗೆ ಆಟ ಕಲಿಸುತ್ತಿದ್ದ. ಚೆಂಡು ನೆಲದ ಮೇಲಿರಲಿ, ಮುಂದೆ ದಾರಿ ಇಲ್ಲದಿದ್ದರೆ ಹಿಂದಿನವನಿಗೆ ಕೊಡಿ ಎನ್ನುವುದು ಅವನ ಪಾಠ. ಮಾದನಿಗೆ ಇದನ್ನು ನೋಡಿದರೆ ಮೈಯೆಲ್ಲ ಉರಿ.

“ಹಿಂದಕ್ಕೆ ಕೊಡೋದು ಎಂಥ ಆಟ ಸುಬೇದಾರ್ರೇ? ಮೆರವಣಿಗೆ ಯಾವತ್ತಾದ್ರೂ ಹಿಂದಕ್ಕೆ ಹೋಗಿದ್ದುಂಟಾ?”

“ಹೋಗದೇ ಇದ್ದದ್ದಕ್ಕೇ ನೀನು ಎರಡು ಸಲ ಒಳಗೆ ಹೋಗಿದ್ದು,” ಎಂದ ಬೆಳ್ಯಪ್ಪ.

ಮುಂದಿನ ಪಂದ್ಯಕ್ಕೆ ಮೈದಾನದ ಅಂಚಿನಲ್ಲಿ ಒಂದು ತೆಂಗಿನ ನಾರಿನ ಹಗ್ಗ ಬಂತು. ನೋಡುವವರೆಲ್ಲ ಹಗ್ಗದ ಆಚೆ ಎಂದು ಬೆಳ್ಯಪ್ಪ ಹೇಳಿದ. ಎಲ್ಲರಿಗೂ ಎಂದು ಹೇಳಿದನಾದರೂ ಹಗ್ಗ ಕಟ್ಟಿದ್ದು ಮಾದ ನಿಲ್ಲುವ ಕಡೆ ಮಾತ್ರ.

ಆಮೇಲೆ ತಂಡ ಸಾಲಾಗಿ ನಾಲ್ಕು ಪಂದ್ಯ ಸೋತಿತು. ಮಾದನಿಗೆ ಒಳಗೊಳಗೇ ಸಂತೋಷವಾಯಿತು. ತಾನು ಪ್ರಾಣ ಬಿಡುವ ತಂಡ ಸೋತದ್ದಕ್ಕೆ ಹಿಗ್ಗುವ ಅಭಿಮಾನಿ ಊರಿಗೆ ಒಬ್ಬನೇ ಇರಬೇಕು. ರಾತ್ರಿ ಕೂತು ಮನವಿ ಬರೆದ: ಕೋಚ್ ಬದಲಾಗಬೇಕು. ಪಂದ್ಯದ ತಾರೀಕು, ಸ್ಕೋರು, ಯಾವ ಪಂದ್ಯದಲ್ಲಿ ಎಷ್ಟು ಸಲ ಚೆಂಡು ಹಿಂದಕ್ಕೆ ಹೋಯಿತು, ಎಲ್ಲ ಬರೆದ. ಹಗ್ಗದ ವಿಷಯ ಬರೆಯಲಿಲ್ಲ. ಪದ್ಧತಿಯಂತೆ ಹಾಳೆಯನ್ನು ಚಿನ್ನನ ಚಾ ಅಂಗಡಿಯ ಮೇಜಿನ ಮೇಲೆ, ದಾರ ಕಟ್ಟಿದ ಪೆನ್ನಿನ ಜೊತೆ ಇಟ್ಟ. ಸಂಜೆಗೆ ನಲವತ್ತೇಳು ಸಹಿ. ಮಾದ ಸಹಿಗಳನ್ನು ಎಣಿಸುವವನೇ ಹೊರತು ಓದುವವನಲ್ಲ.

ತಂಡದ ಅಧ್ಯಕ್ಷ ರೇಣುಕಪ್ರಸಾದ್ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಅವನು ಒಪ್ಪುವವರೆಗೂ ಧರಣಿ ಎಂದುಕೊಂಡು ಮಾದ ಚಾಪೆಯನ್ನೂ ಕಂಕುಳಲ್ಲಿ ಇಟ್ಟುಕೊಂಡೇ ಹೋದ. ಚಾಪೆ ಬಿಚ್ಚಲು ಪುರುಸೊತ್ತೇ ಸಿಗಲಿಲ್ಲ. ಹತ್ತೇ ನಿಮಿಷದಲ್ಲಿ ರೇಣುಕಪ್ರಸಾದ್ ಕೋಚನ್ನು ತೆಗೆದು ಹಾಕಿದ ಪತ್ರ ಬರೆದು ಕೈಗಿಟ್ಟ.

“ಇಷ್ಟು ಬೇಗ?” ಎಂದ ಮಾದ. ಮೂವತ್ತು ವರ್ಷದಲ್ಲಿ ಪೂರ್ತಿ ಗೆದ್ದದ್ದು ಇದೊಂದೇ. ಹೇಗೆ ನಿಲ್ಲಬೇಕೆಂದೇ ತಿಳಿಯಲಿಲ್ಲ.

“ಸುಬೇದಾರ್ರೇ ಒಪ್ಪಿದ ಮೇಲೆ ನಂದೇನು ಮಾರಾಯ? ಮೂರನೇ ಸಹಿ ಅವರದ್ದೇ ಉಂಟಲ್ಲ.”

ನಿಜ. ‘ಬೆಳ್ಯಪ್ಪ, ನಿವೃತ್ತ ಸುಬೇದಾರ್’ ಎಂದೇ ಇತ್ತು. ಚಾ ಕುಡಿಯಲು ಬಂದವನು ಮಾದನ ಅಕ್ಷರ ಕಂಡು, ಪ್ರತಿ ವರ್ಷದ ನೀರಿನ ಮನವಿಯೇ ಎಂದುಕೊಂಡು ಓದದೆ ಗೀಚಿ ಹೋಗಿದ್ದ.

ಮನೆಯಲ್ಲಿ ಹೆಂಡತಿ ಕೆಂಚಿ ಎಲ್ಲ ಕೇಳಿಸಿಕೊಂಡಳು. “ನೀರಿನ ಅರ್ಜಿಗೆ ಇಷ್ಟು ವರ್ಷದಲ್ಲಿ ಸಹಿ ಹಾಕಿದ ತೋಟದ ಯಜಮಾನ್ರು ಎಷ್ಟು ಜನ?”

“ಒಬ್ಬ.”

“ನೀರು ತರಕ್ಕಾಗ್ಲಿಲ್ಲ, ಸಹಿ ಹಾಕೋನನ್ನ ತೆಗೆದ್ಯಲ್ಲ. ದೊಡ್ಡ ಲೀಡ್ರು.”

ಭಾನುವಾರ ವಿರಾಜಪೇಟೆಯವರ ಮೇಲೆ ಪಂದ್ಯ. ತೆಗೆಸಿದವನೇ ಕಲಿಸಲಿ ಎಂದು ಹುಡುಗರು ಸೀಟಿಯನ್ನು ಮಾದನ ಕೊರಳಿಗೆ ಹಾಕಿದರು. ಎಲ್ಲರೂ ಮುಂದಕ್ಕೆ ಎಂದು ಅವನು ಕೂಗಿದ. ಹನ್ನೊಂದು ಜನವೂ ಮುಂದಕ್ಕೆ ಹೋದರು. ಚೆಂಡು ಹಿಂದೆ ಉಳಿಯಿತು.

ಮರುದಿನ ಬೆಳಿಗ್ಗೆ ಬೆಳ್ಯಪ್ಪ ಅಂಗಳದಲ್ಲಿ ಕರಿಮೆಣಸು ಹರವುತ್ತಿದ್ದ. ಬರಿಗೈಯಲ್ಲಿ ಹೋಗಲು ಮುಖವಿಲ್ಲದೆ ಮಾದ ಈ ವರ್ಷದ ನೀರಿನ ಮನವಿ ಹಿಡಿದುಕೊಂಡು ಬಂದಿದ್ದ.

ಬೇರೆ ವರ್ಷವಾಗಿದ್ದರೆ ಬೆಳ್ಯಪ್ಪ ಹಾಳೆಯನ್ನು ಕಂಬಕ್ಕೆ ಒತ್ತಿ ಸಹಿ ಹಾಕಿ ಕೊಡುತ್ತಿದ್ದ. ಈ ಸಲ, “ಕೂತ್ಕೋ, ಕನ್ನಡಕ ತರ್ತೀನಿ,” ಎಂದ. ಲಾಕಪ್ಪೇ ವಾಸಿ ಎನಿಸಿತು ಮಾದನಿಗೆ.

ಬೆಳ್ಯಪ್ಪ ಸಾಲಿನ ಮೇಲೆ ಬೆರಳಿಟ್ಟು ಓದಿದ. “‘ಕಳೆದ ಮೂರು ವರ್ಷಗಳಿಂದ ನೀರಿಲ್ಲ.’ ಇದನ್ನ ಬರೆಯೋಕೆ ಶುರು ಮಾಡಿ ಎಷ್ಟು ವರ್ಷ ಆಯ್ತು ಮಾದ?”

“ಹನ್ನೊಂದು. ಹಳೇದನ್ನೇ ನೋಡ್ಕೊಂಡು ಬರೆಯೋದು.”

“ಮನೆ ಎಷ್ಟು ಅಂತ ಇಲ್ಲ, ಬಾವಿ ಎಷ್ಟು ದೂರ ಅಂತ ಇಲ್ಲ. ಇಷ್ಟು ವರ್ಷ ನೀನೂ ಓದ್ಲಿಲ್ಲ, ನಾನೂ ಓದ್ಲಿಲ್ಲ. ಪಂಚಾಯ್ತಿಯವರು ಓದ್ತಾರಾ?” ಕನ್ನಡಕ ತೆಗೆದ. “ನನ್ನನ್ನ ತೆಗೆಸಿದ ಹಾಳೇನ ರೇಣುಕಪ್ರಸಾದ್ ತೋರಿಸಿದ. ಅದು ಮನವಿ ಅಂದ್ರೆ. ತಾರೀಕು, ಲೆಕ್ಕ, ಎಲ್ಲ ಉಂಟು. ಒಂದೇ ಒಂದು ಬಿಟ್ಟಿದ್ದೀಯ.”

“ಎಂತದು?”

“ಹಗ್ಗ.”

ಮಾದ ಮೆಣಸಿನ ಕಾಳುಗಳನ್ನು ನೋಡಿದ. ತೋಟದ ಯಜಮಾನರ ಅಂಗಳದಲ್ಲಿ ಅವನು ಬೇಕು ಎಂದಿದ್ದ, ಬೇಡ ಎಂದಿದ್ದ. ತಪ್ಪಾಯ್ತು ಎಂದದ್ದಿಲ್ಲ. ಅದಕ್ಕೊಂದು ಘೋಷಣೆಯೂ ಅವನಿಗೆ ಗೊತ್ತಿರಲಿಲ್ಲ.

“ಭಾನುವಾರ ಬನ್ನಿ ಸುಬೇದಾರ್ರೇ,” ಎಂದ ಕೊನೆಗೆ. ಗಂಟಲು ಅವನದೇ ಎಂದು ಯಾರೂ ನಂಬುವಂತಿರಲಿಲ್ಲ. “ನಾನು ಹೇಳಿದ್ದು ಕೇಳಿ ಎಲ್ಲ ಒಂದೇ ಕಡೆ ಓಡ್ತಾವೆ.”

“ಗೋಲ್ ಕೀಪರೂ?”

“ಅವನೇ ಮೊದಲು.”

ಬೆಳ್ಯಪ್ಪನ ಮೀಸೆ ಸ್ವಲ್ಪ ಅಲುಗಿತು. ಸಹಿ ಹಾಕದೆ ಹಾಳೆ ಹಿಂತಿರುಗಿಸಿದ. “ಬರ್ತೀನಿ. ಇದನ್ನ ಹೊಸದಾಗಿ ಬರ್ಕೊಂಡು ಮೈದಾನಕ್ಕೆ ತಾ. ಓದಿ ಹಾಕ್ತೀನಿ. ಹಗ್ಗ ಮಾತ್ರ ಅಲ್ಲೇ ಇರ್ತದೆ.”

“ನಾನೇ ಕಟ್ತೀನಿ ಬಿಡಿ.”

ವಾಪಸು ಬರುವಾಗ ದಾರಿಯಲ್ಲಿ ಬಾವಿ ಸಿಕ್ಕಿತು. ಬಾವಿ ದೂರ, ಬಾವಿ ದೂರ ಎಂದು ಹನ್ನೊಂದು ವರ್ಷ ಕೂಗಿದವನು ಎಷ್ಟು ದೂರವೆಂದು ಒಮ್ಮೆಯೂ ಅಳೆದಿರಲಿಲ್ಲ. ಹೆಜ್ಜೆ ಎಣಿಸುತ್ತ ಲೈನಿನತ್ತ ಹೊರಟ. ಮುನ್ನೂರರ ಹತ್ತಿರ ಎದುರಿಗೆ ಯಾರೋ ನಮಸ್ಕಾರ ಎಂದರು, ಲೆಕ್ಕ ತಪ್ಪಿತು. ಮಾದ ಒಮ್ಮೆ ಬೈದುಕೊಂಡು, ಹಿಂದಕ್ಕೆ ತಿರುಗಿ ಬಾವಿಯ ಕಡೆ ನಡೆದ.