ಅಲ್ವಾ ಎಂಬ ಅಧ್ಯಕ್ಷೆ

ನಮ್ಮ ಸಂಘದ ಪೂರ್ತಿ ಹೆಸರು ‘ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಸುಸ್ಥಿರ ಗೃಹ ವಿನ್ಯಾಸ ಸಂಘ’. ಇದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದವರನ್ನು ನಾನಿನ್ನೂ ನೋಡಿಲ್ಲ. ಕಾಲೇಜಿನವರು ಅದನ್ನು ‘ಸುಸ್ತು ಸಂಘ’ ಎಂದು ಚಿಕ್ಕದು ಮಾಡಿದರು. ತಪ್ಪೇನಿಲ್ಲ ಬಿಡಿ. ಮೆಟ್ಟಿಲ ಕೆಳಗೆ ನಮಗೆ ಕೊಟ್ಟಿದ್ದ ಕೋಣೆಗೆ ಕಿಟಕಿಯೇ ಇರಲಿಲ್ಲ. ಗಾಳಿ ಬೆಳಕು ಧಾರಾಳವಾಗಿ ಬರುವ ಮನೆ ಹೇಗೆ ಕಟ್ಟಬೇಕು ಎಂದು ನಾವು ಅಲ್ಲೇ ಹಗಲಲ್ಲೂ ಲೈಟು ಹಾಕಿಕೊಂಡು, ಬೆವರು ಒರೆಸಿಕೊಂಡು ಚರ್ಚೆ ಮಾಡುತ್ತಿದ್ದೆವು.

ಚರ್ಚೆ ಎಂದರೆ ಎಂಥ ಚರ್ಚೆ! ಮಣ್ಣಿನ ಗೋಡೆಗೆ ಸುಣ್ಣ ಬಳಿಯಬೇಕೋ ಬೇಡವೋ ಎಂಬ ಒಂದು ಪ್ರಶ್ನೆಗೆ ಇಡೀ ಸೆಮಿಸ್ಟರು ಹೋಯಿತು. ಅದೇ ಜಗಳದಲ್ಲಿ ಇಬ್ಬರು ಪ್ರೇಮಿಗಳು ಮಾತು ಬಿಟ್ಟರು. ನಾನು ಕಾರ್ಯದರ್ಶಿ. ಇವರ ಕೂಗಾಟವನ್ನೆಲ್ಲ ಬರೆದೂ ಬರೆದೂ ನನ್ನ ಕೈ ಬಿದ್ದುಹೋಗಿತ್ತು. ಅಂಥ ಹೊತ್ತಿನಲ್ಲಿ ಬಟ್ಟೆ ಇಸ್ತ್ರಿ ಮಾಡುವವರೊಬ್ಬರ ಮಗಳು ಅಧ್ಯಕ್ಷೆಯಾಗಿ ಬಂದಳು.

ಅವಳು ಯಾರ ಮೇಲೂ ರೇಗಲಿಲ್ಲ, ಮೇಜು ಕುಟ್ಟಲಿಲ್ಲ. ಎಲ್ಲರ ಮುಖವನ್ನೂ ಅಕ್ಕರೆಯಿಂದ ನೋಡಿ, ತಲೆಯನ್ನು ಒಂದು ಕಡೆ ವಾಲಿಸಿ, “ಸುಣ್ಣ ಬಳಿದ್ರೆ ಗೋಡೆ ಬಾಳಿಕೆ ಬರುತ್ತೆ, ಅಲ್ವಾ?” ಎನ್ನುತ್ತಿದ್ದಳು. ಅಷ್ಟೇ. ಆ ‘ಅಲ್ವಾ’ಕ್ಕೆ ‘ಅಲ್ಲ’ ಎನ್ನಬೇಕಾದರೆ ಎಂಟೆದೆ ಬೇಕು. ಮುದ್ದಾಗಿ ಕೇಳಿದವಳ ಮುಖಕ್ಕೆ ಹೊಡೆದ ಹಾಗಾಗುತ್ತದಲ್ಲ! ನಾವೆಲ್ಲ ಕುರಿಗಳ ಹಾಗೆ ಹೂಂ ಎಂದೆವು. ಸುಣ್ಣ ಪಾಸಾಯಿತು. ಬಿದಿರು ಪಾಸಾಯಿತು. ಮಳೆನೀರಿನ ತೊಟ್ಟಿ ಪಾಸಾಯಿತು. ನಾನು ಎಲ್ಲದರ ಕೆಳಗೂ ‘ಸರ್ವಾನುಮತದಿಂದ’ ಎಂದು ಬರೆದು ಹಾಯಾಗಿದ್ದೆ. ಅವಳ ನಿಜವಾದ ಹೆಸರು ಕರೆಯುವವರೇ ಇಲ್ಲವಾಗಿ, ಕಡೆಗೆ ಅಟೆಂಡರ್ ಕೂಡ “ಅಲ್ವಾ ಮೇಡಂ ಬಂದ್ರಾ?” ಎಂದು ಕೇಳತೊಡಗಿದರು.

ಅವಳು ಈ ಸಂಘಕ್ಕೆ ಸೇರಿದ್ದು ಭೂಮಿಯನ್ನು ಉದ್ಧಾರ ಮಾಡುವುದಕ್ಕಲ್ಲ. ಆ ಚಪಲವೆಲ್ಲ ನಮ್ಮಂಥವರಿಗೆ. ಅವಳ ಅಪ್ಪ ಮನೆಯ ತಾರಸಿ ಮೇಲೆ ತಗಡಿನ ಕೋಣೆಯೊಂದರಲ್ಲಿ ದಿನವಿಡೀ ನಿಂತು ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ಮೇಲೆ ಕಾದ ತಗಡು, ಕೈಯಲ್ಲಿ ಕಾದ ಪೆಟ್ಟಿಗೆ. ಹಿಂದಿನ ಬೇಸಿಗೆಯಲ್ಲಿ ಯಾರದೋ ಮದುವೆ ಸೂಟಿನ ಮೇಲೆಯೇ ಕುಸಿದು ಬಿದ್ದಿದ್ದರು. ಡಾಕ್ಟರು, “ಒಂದೋ ಆ ಸೆಖೆ ಬಿಡಿ, ಇಲ್ಲ ಕೆಲಸ ಬಿಡಿ. ಇನ್ನೊಂದು ಸಲ ಬಿದ್ರೆ ನಾನು ಜವಾಬ್ದಾರಿ ಅಲ್ಲ” ಎಂದುಬಿಟ್ಟಿದ್ದರು. ಅಪ್ಪ ಏನೂ ಹೇಳಲಿಲ್ಲ. ಅವರು ಯಾವುದಕ್ಕೂ ಏನೂ ಹೇಳುವ ಪೈಕಿಯಲ್ಲ. ಮಗಳೇ ತೀರ್ಮಾನ ಮಾಡಿದಳು: ಸೆಖೆ ಹೋಗಬೇಕು.

ಆ ವರ್ಷ ಕಾಗದ ಬಿಟ್ಟು ನಿಜವಾದ ಒಂದು ಕೋಣೆ ಕಟ್ಟುವುದೆಂದು ಸಂಘ ನಿರ್ಧರಿಸಿತು. ಯಾರ ಮನೆಯಲ್ಲಿ ಎಂಬ ಮಾತು ಬಂದಾಗ ಅವಳು ತುಟಿಪಿಟಕ್ ಎನ್ನದೆ ಎದ್ದು ಹೊರಗೆ ಹೋಗಿ ನಿಂತಳು. ಅಧ್ಯಕ್ಷೆ ತನ್ನ ಮನೆಗೇ ಕಟ್ಟಿಸಿಕೊಂಡಳು ಎಂಬ ಮಾತು ಬರಬಾರದಲ್ಲ. ಅವಳ ಅಪ್ಪನ ಕೋಣೆಯನ್ನು ಸೂಚಿಸಿದ್ದು ನಾನು. ಅವಳು ಎದುರಿಗಿಲ್ಲದೆಯೇ ಎಲ್ಲರೂ ಮನಸಾರೆ ಕೈ ಎತ್ತಿದರು.

ಈಗ ಬಂತು ನೋಡಿ ನಮ್ಮ ಪಾಂಡಿತ್ಯದ ಕಥೆ. ನಕ್ಷೆ ಬರೆದವನು ಸ್ಕೇಲು. ಬಗಲಲ್ಲಿ ಸದಾ ಸ್ಕೇಲು ಇಟ್ಟುಕೊಂಡೇ ಓಡಾಡುವ ಸಹಪಾಠಿಗೆ ಬೇರೆ ಹೆಸರು ಯಾಕೆ? ಟ್ರೇಸಿಂಗ್ ಹಾಳೆಯಲ್ಲಿ ಚೆನ್ನಾಗಿಯೇ ಬರೆದಿದ್ದ: ಪೂರ್ವಕ್ಕೆ ದೊಡ್ಡ ಕಿಟಕಿ, ಪಶ್ಚಿಮಕ್ಕೆ ಸಂಜೆ ಬಿಸಿಲು ತಡೆಯುವ ದಪ್ಪ ಮಣ್ಣಿನ ಗೋಡೆ. ಆದರೆ ಆ ಹಾಳೆ ಎರಡೂ ಕಡೆಯಿಂದ ಕಾಣುತ್ತದೆ. ಅಕ್ಷರಗಳನ್ನು ಇನ್ನೂ ಬರೆದಿರಲಿಲ್ಲ. ಸಭೆಗೆ ತರುವ ಗಡಿಬಿಡಿಯಲ್ಲಿ ಹಾಳೆ ಮಗುಚಿಕೊಂಡಿತು. ಅದರ ಬೆನ್ನಿನ ಮೇಲೆಯೇ ನಮ್ಮ ಜಾಣರೊಬ್ಬರು ದಿಕ್ಕಿನ ಬಾಣ ಬರೆದು, ಅಳತೆ ತುಂಬಿಸಿ, ಗೋಡೆಗೆ ಅಂಟಿಸಿದರು. ಪೂರ್ವದ ಕಿಟಕಿ ಪಶ್ಚಿಮಕ್ಕೆ ಹೋಯಿತು. ದಪ್ಪ ಗೋಡೆ ಬೆಳಗಿನ ಎಳೆ ಬಿಸಿಲಿಗೆ ಕಾವಲು ನಿಂತಿತು.

ಸ್ಕೇಲಿಗೆ ಏನೋ ಕಸಿವಿಸಿ. ಹಾಳೆಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಅಷ್ಟರಲ್ಲಿ ನಮ್ಮ ಅಧ್ಯಕ್ಷೆ ಕಣ್ತುಂಬ ನೀರು ತುಂಬಿಕೊಂಡು, “ನಮ್ಮಪ್ಪನಿಗೆ ಇದಕ್ಕಿಂತ ಒಳ್ಳೆ ರೂಮು ಸಿಗಲ್ಲ, ಅಲ್ವಾ?” ಎಂದಳು.

ಸ್ಕೇಲು ಹೂಂ ಎಂದ. ನಾವೂ ಹೂಂ ಎಂದೆವು.

ತಗಡು ಕಿತ್ತೆವು, ಮಣ್ಣಿನ ಇಟ್ಟಿಗೆ ಹೊತ್ತೆವು, ಮೇಲೆ ಹೆಂಚು ಹೊದಿಸಿದೆವು. ಮಧ್ಯಾಹ್ನ ತರಗತಿಗಳಿದ್ದುದರಿಂದ ಕೆಲಸವೆಲ್ಲ ಬೆಳಿಗ್ಗೆಯೇ. ಬೆಳಿಗ್ಗೆ ಪಶ್ಚಿಮದ ಕಿಟಕಿ ಎಷ್ಟು ತಂಪು ಎಂದು ಕೇಳಬೇಡಿ! ಅದರ ಕೆಳಗೆ ಕೂತು ಟೀ ಕುಡಿಯುತ್ತ ನಮ್ಮ ಬೆನ್ನು ನಾವೇ ತಟ್ಟಿಕೊಂಡೆವು. ಅಪ್ಪ ಒಳಗೆ ಕೆಲಸ ಶುರು ಮಾಡಿದ ಮೇಲೆ ಮಗಳು ದಿನಾ ಕಾಲೇಜು ಮುಗಿಸಿ, ಹೊತ್ತು ಮುಳುಗಿದ ಮೇಲೆ ಬಂದು, “ತಂಪಾಗಿದೆ ಅಲ್ವಾ ಅಪ್ಪಾ?” ಎನ್ನುವಳು. ಅಪ್ಪ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, “ಹೂಂ ಕಣಮ್ಮ, ತುಂಬಾ ತಂಪು” ಎನ್ನುವರು.

ಉದ್ಘಾಟನೆಗೆ ವಿಭಾಗದ ಮುಖ್ಯಸ್ಥರು ಬಂದರು. ಬಂದದ್ದು ಮಧ್ಯಾಹ್ನ ಮೂರು ಗಂಟೆಗೆ, ಅದೂ ಕೋಟು ಹಾಕಿಕೊಂಡು. ಕಿಟಕಿಯ ತುಂಬ ಸೂರ್ಯ. “ನಿಸರ್ಗವೇ ನಮ್ಮ ಫ್ಯಾನು” ಎಂದು ಅವರು ಭಾಷಣ ಶುರು ಮಾಡಿದಾಗ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ನಾನು ನಗು ತಡೆಯಲಾಗದೆ ಬಾಗಿಲ ಕಡೆ ತಿರುಗಿದೆ. ಸಾರ್ ಕೋಟಿನ ಗುಂಡಿ ಬಿಚ್ಚುತ್ತ, “ಏನ್ರಿ ಯಜಮಾನ್ರೇ, ತಂಪಾಗಿದೆ ಅಲ್ವಾ?” ಎಂದರು. ಅಯ್ಯೋ, ಇವರಿಗೂ ಅಂಟಿತೇ ಈ ರೋಗ!

“ತುಂಬಾ ತಂಪು ಸಾರ್” ಎಂದ ಅಪ್ಪ ಮೇಜು ಹಿಡಿದುಕೊಳ್ಳಲು ಹೋದರು. ಕೈ ಜಾರಿತು. ಹಾಗೇ ಕೆಳಗೆ ಕುಸಿದು ಕೂತರು.

ನನ್ನ ನಗು ಅಲ್ಲೇ ಸತ್ತಿತು. ಅವಳು ಸಂಘದ ಬ್ಯಾನರನ್ನು ಪರಪರ ಕಿತ್ತು ಕಿಟಕಿಗೆ ಅಡ್ಡ ಕಟ್ಟಿದಳು. ಸ್ಕೇಲು ನೀರು ತಂದ. ಅಪ್ಪನಿಗೆ ಉಸಿರು ಹತೋಟಿಗೆ ಬಂದ ಮೇಲೆ ಅವಳು ಸಿಟ್ಟಿನಿಂದ ಕೇಳಿದಳು: “ದಿನಾ ಕೇಳ್ತಿದ್ನಲ್ಲಪ್ಪಾ! ಒಂದು ಸಲಾನಾದ್ರೂ ಬಾಯಿ ಬಿಟ್ಟು ಹೇಳಬಾರದಿತ್ತಾ?”

“ನೀನೆಲ್ಲಿ ಕೇಳ್ದೆ? ತಂಪಾಗಿದೆ ಅಲ್ವಾ, ಅಂದೆ. ಅದಕ್ಕೆ ಹೂಂ ಅನ್ನದೆ ಇನ್ನೇನು ಹೇಳ್ಲಿ?”

ಮಾರನೆಯ ದಿನದ ಸಭೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. “ಏನೇನು ತಪ್ಪಾಗಿದೆ, ಹೇಳಿ” ಎಂದವಳೇ ಅಧ್ಯಕ್ಷೆ ಕೈಕಟ್ಟಿ ಕೂತಳು. ಮೊದಲು ಸ್ಕೇಲು ಎದ್ದ. “ನಕ್ಷೆ ಮಗುಚಿತ್ತು ಕಣೇ. ನಂಗೆ ಆವತ್ತೇ ಡೌಟ್ ಬಂದಿತ್ತು. ನೀನು ಅಳೋ ಮುಖ ಮಾಡ್ಕೊಂಡು ಕೇಳಿದ್ರೆ ಯಾವನು ಹೇಳ್ತಾನೆ?” ಎಂದ. ಅಲ್ಲಿಂದ ಶುರುವಾಯಿತು ನೋಡಿ! ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನೆಲ್ಲ ಎಲ್ಲರೂ ಕಕ್ಕಿದರು. ಅವಳಿಗೆ ಮಂಗಳಾರತಿಯೇ ಆಯಿತು. ಕಿವಿ ಕೆಂಪಗೆ ಮಾಡಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಮೇಲೆ ನನಗೆ ಅಷ್ಟು ಪ್ರೀತಿ ಅದುವರೆಗೆ ಯಾವತ್ತೂ ಹುಟ್ಟಿರಲಿಲ್ಲ.

ಪಶ್ಚಿಮದ ಕಿಟಕಿ ಮುಚ್ಚಿದೆವು, ಪೂರ್ವದ ಗೋಡೆ ಒಡೆದು ಕಿಟಕಿ ಇಟ್ಟೆವು, ಹೆಂಚಿನ ಕೆಳಗೆ ಬಿಸಿಗಾಳಿ ಹೊರಹೋಗಲು ಸಂದು ಬಿಟ್ಟೆವು. ಈ ಸಲ ಮಧ್ಯಾಹ್ನವೂ ಹೋಗಿ ನಿಂತು ನೋಡಿದೆವು. ತಂಪಾಗಿತ್ತು, ದೇವರಾಣೆಗೂ ತಂಪಾಗಿತ್ತು. ಅಪ್ಪ ಒಳಗೆ ಯಾರದೋ ಅಂಗಿಯ ಕಾಲರು ಒತ್ತುತ್ತಿದ್ದರು.

“ಹೇಗಿದೆ ಅಪ್ಪಾ?” ಎಂದಳು. ಅಷ್ಟು ಕೇಳಿ ಸುಮ್ಮನೆ ನಿಂತಳು.

ಅಪ್ಪ ಕಾಲರು ಮುಗಿಸಿದರು. ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು.

“ರೂಮು ಚೆನ್ನಾಗಿದೆ. ನಿಜವಾಗ್ಲೂ ಚೆನ್ನಾಗಿದೆ” ಎಂದರು. “ನನ್ನ ಕೈಲೇ ಇನ್ನಾಗಲ್ಲ ಕಣಮ್ಮ. ನಿಂತ್ರೆ ಕಾಲು ಸೋಲುತ್ತೆ. ಡಾಕ್ಟರು ಹೇಳ್ದಾಗ್ಲೇ ಬಿಟ್ಟುಬಿಡೋಣ ಅನ್ನಿಸಿತ್ತು. ನೀವೆಲ್ಲ ಇಷ್ಟು ಒದ್ದಾಡಿ ತಂಪು ಮಾಡ್ತಿದ್ರಿ... ಇನ್ನೂ ಎಷ್ಟು ವರ್ಷ ನಿಲ್ಲಬೇಕೋ ಅಂತ ಹೆದರಿಕೆ ಆಗ್ತಿತ್ತು.”

ಅವಳು ನಿಂತಲ್ಲೇ ಕೂತು ಗೊಳೋ ಎಂದು ಅತ್ತಳು. ಅಪ್ಪ ಗಾಬರಿಯಾಗಿ ನನ್ನ ಮುಖ ನೋಡಿದರು. “ಇದಕ್ಕೇ ನಾನು ಹೇಳೋಕೆ ಹೋಗಲ್ಲ ನೋಡು” ಎಂದರು.

ನಾನೂ ಸ್ಕೇಲೂ ಇಸ್ತ್ರಿ ಮೇಜನ್ನು ಕೆಳಗಿಳಿಸಿ, ಮಂಚವನ್ನು ಮೇಲಕ್ಕೆ ತಂದೆವು. ಹಾಸಿಗೆಗೆ ಇನ್ನೂ ದಿಂಬು ಬಂದಿರಲಿಲ್ಲ, ಅಪ್ಪ ಕಾಲು ಚಾಚಿ ಮಲಗಿಬಿಟ್ಟರು. ಕಿಟಕಿಯಿಂದ ಸಣ್ಣಗೆ ಗಾಳಿ ಬರುತ್ತಿತ್ತು. ಅವಳು ದಿಂಬು ಹಿಡಿದುಕೊಂಡು ಪಕ್ಕದಲ್ಲಿ ನಿಂತೇ ಇದ್ದಳು. ಅಪ್ಪನಿಗೆ ಆಗಲೇ ಗಾಢ ನಿದ್ದೆ ಬಂದಿತ್ತು.