ಮೂರು ಮುಕ್ಕಿನ ಗ್ಯಾಸ್ಕೆಟ್

ಗವಿಪುರದ ನಮ್ಮ ಬೀದಿಯಲ್ಲಿ ಯಾರು ಏನು ಕೊಳ್ಳಬೇಕಾದರೂ ನನ್ನ ದೊಡ್ಡಮ್ಮ ಭಾಗೀರಥಮ್ಮನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಬದನೆಕಾಯಿಯಿಂದ ಹಿಡಿದು ಧಾರೆ ಸೀರೆಯವರೆಗೆ, ಗ್ರೈಂಡರಿನಿಂದ ಹಿಡಿದು ಅಡಿಗೆ ಭಟ್ಟರವರೆಗೆ, ಅವಳು ಒಪ್ಪದೆ ಯಾವುದೂ ಯಾರ ಹೊಸ್ತಿಲನ್ನೂ ದಾಟಿದ್ದಿಲ್ಲ. ಅವಳು ಆರಿಸುವ ಚೆಂದವನ್ನು ನಿಂತು ನೋಡಬೇಕು. ಕೃಷ್ಣರಾಜ ಮಾರುಕಟ್ಟೆಯಲ್ಲಿ ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ತಟ್ಟುತ್ತಾಳೆ. ಹುಣಸೆಹಣ್ಣನ್ನು ಮೂಸುತ್ತಾಳೆ. ಬಳೇಪೇಟೆಯಲ್ಲಿ ಬಳೆಗಳನ್ನು ಒಂದಕ್ಕೊಂದು ತಾಗಿಸಿ ಸದ್ದು ಕೇಳುತ್ತಾಳೆ. ಇಷ್ಟೆಲ್ಲ ಆದ ಮೇಲೆ ಅಂಗಡಿಯವನನ್ನು, "ಇದನ್ನ ನಿನ್ನ ಮನೆಗೆ ತಗೊಂಡ್ ಹೋಗ್ತೀಯಾ, ನಿಜ ಹೇಳು" ಎಂದು ವಿಚಾರಿಸುತ್ತಾಳೆ. ಅವನು ಸ್ವಲ್ಪ ತಡವರಿಸಿದರೂ ಮುಗಿಯಿತು, ಪಕ್ಕದ ಅಂಗಡಿ. ಮಗಳು ಸುಪ್ರಜಾಗೆ ಗಂಡನನ್ನು ಆರಿಸಿದವಳೂ ಅವಳೇ. ಆ ವಿಷಯವನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಭಾವ ಪಾಪ, ಪಕ್ಕದ ರೂಮಿನಲ್ಲೇ ಇರುತ್ತಾರೆ.

ಆದರೆ ಎರಡು ವರ್ಷದಿಂದ ಈ ಕೀರ್ತಿಗೆ ಗ್ರಹಚಾರ ಹಿಡಿದಿತ್ತು. ಹಸಿರು ಸೀರೆಗೆ ಹಸಿರೇ ಎಂದು ತಂದ ರವಿಕೆ ಕಣ ನೀಲಿಯಾಗಿತ್ತು. ಮನೆಗೆ ಬರುವ ಬಸ್ಸೆಂದು ಹತ್ತಿದ್ದು ಯಶವಂತಪುರಕ್ಕೆ ಹೋಯಿತು. ಸುಪ್ರಜಕ್ಕನಿಗೆ ಅನುಮಾನ ಬಂತು. ಅವಳು ಅನುಮಾನವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಹೆಂಗಸಲ್ಲ. ಬೆಳಿಗ್ಗೆ ಕಾಫಿಯ ಜೊತೆ, ರಾತ್ರಿ ಸಾರನ್ನದ ಜೊತೆ, "ಅಮ್ಮ, ನಿನ್ನ ಕಣ್ಣಿಗೆ ಪೊರೆ ಬಂದಿದೆ, ಡಾಕ್ಟರ್ ಹತ್ರ ಹೋಗೋಣ" ಎಂದು ಬಡಿಸುತ್ತಿದ್ದಳು. ದೊಡ್ಡಮ್ಮ ಕ್ಯಾರೇ ಅನ್ನುತ್ತಿರಲಿಲ್ಲ. ಟ್ಯೂಬ್‌ಲೈಟ್ ಹಾಳಾಗಿದೆ ಎನ್ನುವುದು ಅವಳ ವಾದ. ಟ್ಯೂಬ್‌ಲೈಟನ್ನೂ ಬದಲಾಯಿಸಿ ಆಯಿತು. ಆಮೇಲೆ ಗೋಡೆಯ ಬಣ್ಣ ಸರಿಯಿಲ್ಲ ಎಂದಳು. ಅವಳ ಭಯ ನನಗೆ ಗೊತ್ತಿತ್ತು. ಎದುರು ಮನೆಯ ಜಾನಕಮ್ಮನಿಗೆ ಕಣ್ಣಿನ ಆಪರೇಷನ್ ಆದ ಮೇಲೆ ಮಕ್ಕಳು ಅವರನ್ನು ಸೋಫಾದ ಮೇಲೆ ಕೂರಿಸಿದರು. ಇನ್ನೂ ಎಬ್ಬಿಸಿಲ್ಲ. ಮಾರುಕಟ್ಟೆಗೆ ಹೋಗಬೇಡ ಎನ್ನುವುದೂ ಉಸಿರಾಡಬೇಡ ಎನ್ನುವುದೂ ದೊಡ್ಡಮ್ಮನ ಮಟ್ಟಿಗೆ ಒಂದೇ.

ಹೀಗಿರುವಾಗ ನನ್ನ ಕಾರು ಕೈಕೊಟ್ಟಿತು. ಟರ್ಬೋ ಡೀಸೆಲ್, ಇನ್ನೊಬ್ಬರ ಕೈಯಿಂದ ಕೊಂಡದ್ದು. ಕೊಳ್ಳುವಾಗ ದೊಡ್ಡಮ್ಮನನ್ನು ಕರೆದುಕೊಂಡು ಹೋಗಿರಲಿಲ್ಲ ಎನ್ನುವುದನ್ನು ಅವಳು ಇವತ್ತಿಗೂ ಮರೆತಿಲ್ಲ. ಕನಕಪುರ ರಸ್ತೆಯಲ್ಲಿ ಬುಸುಬುಸು ಬಿಳಿ ಹೊಗೆ ಬಿಟ್ಟು, ಕಾದು ಕೆಂಪಾಗಿ ನಿಂತುಬಿಟ್ಟಿತು. ಚಾಮರಾಜಪೇಟೆಯಲ್ಲಿ ಗ್ಯಾರೇಜು ಇಟ್ಟಿರುವ ಪ್ರಸನ್ನ ಎಂಜಿನ್ ಬಿಚ್ಚಿ, ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದ. ಎಂಜಿನ್ನಿನ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವೆ ಇರುವ ತಗಡು ಅದು. ಒಳಗೆ ಬೆಂಕಿ, ನೀರು, ಎಣ್ಣೆ ಮೂರೂ ಒಟ್ಟಿಗೆ ಸಂಸಾರ ಮಾಡುತ್ತಿರುತ್ತವೆ. ಒಂದು ಇನ್ನೊಂದರ ಕೋಣೆಗೆ ನುಗ್ಗದಂತೆ ನೋಡಿಕೊಳ್ಳುವುದು ಈ ತಗಡಿನ ಕೆಲಸ. ನನ್ನ ಕಾರಿನಲ್ಲಿ ನೀರು ಬೆಂಕಿಯ ಕೋಣೆಗೆ ಹೊಕ್ಕಿತ್ತು.

"ಟರ್ಬೋ ಗಾಡಿ ಸರ್ ಇದು, ಗಾಳೀನ ಒತ್ತಿ ಒತ್ತಿ ತುಂಬತ್ತೆ" ಎಂದ ಪ್ರಸನ್ನ. "ಒಳಗೆ ಪ್ರೆಶರ್ ಜಾಸ್ತಿ. ರಟ್ಟಿನ ತರದ್ದು ತಂದ್ರೆ ಸ್ವಲ್ಪ ದಿನಕ್ಕೇ ಮತ್ತೆ ಬಿಚ್ಬೇಕು. ಸ್ಟೀಲ್ ಪದರದ್ದೇ ತನ್ನಿ. ಇದ್ರಲ್ಲಿ ಮೂರು ಗುರುತಿದೆ ನೋಡಿ, ಹೊಸದ್ರಲ್ಲೂ ಮೂರೇ ಇರ್ಬೇಕು. ಕಮ್ಮಿ ಇದ್ರೆ ತೆಳು ಅಂತ ಅರ್ಥ. ಪಿಸ್ಟನ್ ಹೋಗಿ ಮೇಲಕ್ಕೆ ಗುದ್ದತ್ತೆ, ಆಮೇಲೆ ನನ್ನ ಬೈಬೇಡಿ."

ಗುರುತು ಎಂದರೆ ತಗಡಿನ ಅಂಚಿನಲ್ಲಿ ಉಗುರು ಕೂರುವಷ್ಟು ಸಣ್ಣ ಮೂರು ಕಚ್ಚುಗಳು. ಹಳೆಯದನ್ನು ಮಾದರಿಗೆಂದು ಚೀಲದಲ್ಲಿ ಹಾಕಿಕೊಂಡು, ಮನೆಗೆ ಹೋಗಿ ಊಟ ಮಾಡಿ ಜೆ.ಸಿ. ರಸ್ತೆಗೆ ಹೊರಟೆ. ಬಾಗಿಲಲ್ಲೇ ದೊಡ್ಡಮ್ಮ ತಡೆದಳು.

"ನೀನೊಬ್ಬನೇ ಹೋಗ್ತಿದೀಯಾ?"

"ಅದು ಬದನೆಕಾಯಿ ಅಲ್ಲ ದೊಡ್ಡಮ್ಮ."

"ಯಾವ್ದಾದ್ರೇನು, ಮಾರೋನು ಮಾರೋನೇ ಅಲ್ವಾ. ಟೋಪಿ ಹಾಕಿಸ್ಕೊಂಡ್ ಬರ್ತೀಯ."

ಅಡಿಗೆಮನೆಯಿಂದ ಸುಪ್ರಜಕ್ಕ ಸೌಟು ಹಿಡಿದೇ ಹೊರಗೆ ಬಂದಳು. "ಕರ್ಕೊಂಡ್ ಹೋಗು ಕಶ್ಯಪ. ನೀನು ಬಾಯಿ ಬಿಡ್ಬೇಡ, ಅಮ್ಮನೇ ಆರಿಸ್ಲಿ. ಸರಿಯಾಗಿದ್ದು ತಂದ್ರೆ ಕಣ್ಣಿನ ವಿಷಯ ಇನ್ನು ನಾನು ಎತ್ತೋದೇ ಇಲ್ಲ. ತಪ್ಪಾಯ್ತೋ, ನಾಳೆನೇ ಕಣ್ಣಾಸ್ಪತ್ರೆ. ಮಾರ್ಕೆಟ್ಟು, ಬಸ್ಸು ಎಲ್ಲ ಬಂದ್. ತರಕಾರಿ ಫೋನಲ್ಲಿ ಬರತ್ತೆ."

"ಆಗ್ಲಿ. ಫೋನಲ್ಲಿ ಬಂದಿದ್ದನ್ನ ನೀನೇ ತಿನ್ನು" ಎಂದು ದೊಡ್ಡಮ್ಮ ಸೀರೆ ಬದಲಾಯಿಸಲು ಹೋದಳು. ಪಂದ್ಯ ಕಟ್ಟಿದ್ದು ಅವರಿಬ್ಬರು, ಗುದ್ದಿಸಿಕೊಳ್ಳಬೇಕಾದದ್ದು ನನ್ನ ಪಿಸ್ಟನ್. ಇದನ್ನು ಯಾರಿಗೆ ಹೇಳಿಕೊಳ್ಳಲಿ? ಆಟೋದಲ್ಲಿ ದೊಡ್ಡಮ್ಮನಿಗೆ ಇಷ್ಟು ಮಾತ್ರ ಹೇಳಿದೆ: ಸ್ಟೀಲಿನದು ಬೇಕು, ಮೂರು ಗುರುತು ಇರಬೇಕು.

ಪ್ರಸನ್ನ ಹೇಳಿದ್ದ ಅಂಗಡಿ ಒಂದು ಓಣಿಯಷ್ಟೇ ಅಗಲ. ಗೋಡೆಯ ತುಂಬ ಬೆಲ್ಟು, ಪೈಪು, ಫಿಲ್ಟರು. ಕೌಂಟರಿನ ಹಿಂದೆ ಓಬಳಪ್ಪನವರು. ವಯಸ್ಸು ಎಪ್ಪತ್ತರ ಹತ್ತಿರ, ತಲೆ ಪೂರ್ತಿ ಬೆಳ್ಳಗೆ, ದನಿ ಮಾತ್ರ ಇನ್ನೂ ಮೀಸೆ ಮೂಡದ ಹುಡುಗನದು. ಆ ದನಿಯಲ್ಲೇ, ಈ ರಸ್ತೆಯಲ್ಲಿ ತಮಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ ಎಂದು ಮೊದಲೇ ತಿಳಿಸಿದರು.

"ಹಾಗಾದ್ರೆ ಒಳ್ಳೇದು ತೋರ್ಸು ಮರಿ" ಎಂದಳು ದೊಡ್ಡಮ್ಮ.

ಮರಿ ಯಾರೆಂದು ಓಬಳಪ್ಪನವರು ಹಿಂದೆ ತಿರುಗಿ ನೋಡಿದರು. ದೊಡ್ಡಮ್ಮ ಬ್ಯಾಂಕ್ ಮ್ಯಾನೇಜರನ್ನೂ ಮರಿ ಎಂದೇ ಕರೆಯುವವಳು. ಹಾಗಾಗಿ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಅವರು ಮೂರು ಗ್ಯಾಸ್ಕೆಟ್ ತಂದು ಕೌಂಟರಿನ ಮೇಲೆ ಹರಡಿದರು. ಮೊದಲನೆಯದನ್ನು ದೊಡ್ಡಮ್ಮ ಎತ್ತಿ ಮೂಸಿದಳು. "ಇದು ರಟ್ಟು" ಎಂದು ತಳ್ಳಿದಳು. ಎಷ್ಟೋ ಹಳೇ ಗಾಡಿಗಳಿಗೆ ಅದೇ ಹೋಗುವುದೆಂದು ಓಬಳಪ್ಪನವರು ಹೇಳಿದಾಗ, "ನಮ್ಮದು ಟರ್ಬೋ ಮರಿ" ಎಂದಳು, ಹುಟ್ಟಿದಾಗಿನಿಂದ ಮನೆಯಲ್ಲಿ ಟರ್ಬೋ ಸಾಕಿದವಳ ಹಾಗೆ. ನನಗೆ ಹೆಮ್ಮೆಯಾಯಿತು. ಉಳಿದದ್ದು ಸ್ಟೀಲಿನ ಎರಡು. ಒಂದರ ಅಂಚಿನಲ್ಲಿ ಮೂರು ಕಚ್ಚು, ಇನ್ನೊಂದರಲ್ಲಿ ಒಂದೇ. ಮೂರು ಕಚ್ಚಿನದನ್ನು ಎತ್ತಿಕೊಂಡು ಅಂಚಿನ ಮೇಲೆ ಹೆಬ್ಬೆರಳು ಓಡಿಸಿದಳು. ಬೆರಳು ನಿಂತಿತು. ಮುಖ ಕಿವುಚಿದಳು.

"ಇದು ಮುಕ್ಕು" ಎಂದಳು.

ಮುಕ್ಕು ಎಂಬ ಮಾತು ನಮ್ಮ ಮನೆಯಲ್ಲಿ ಸಣ್ಣದಲ್ಲ. ಅಂಚು ಒಡೆದದ್ದೆಲ್ಲ ಮುಕ್ಕು. ಮುಕ್ಕಾದ ವಿಗ್ರಹಕ್ಕೆ ಪೂಜೆಯಿಲ್ಲ, ಮುಕ್ಕಾದ ಬಟ್ಟಲಲ್ಲಿ ಯಾರಿಗೂ ಏನೂ ಕೊಡುವ ಹಾಗಿಲ್ಲ. ಅಂಥದ್ದನ್ನು ದುಡ್ಡು ಕೊಟ್ಟು ತರುವುದು ದೊಡ್ಡಮ್ಮನ ಲೆಕ್ಕದಲ್ಲಿ ಮನೆಗೆ ಶನಿಯನ್ನು ಆಟೋ ಮಾಡಿಕೊಂಡು ಕರೆತಂದ ಹಾಗೆ.

"ಒಂದ್ ಕಡೆ ಅಲ್ಲ, ಮೂರ್ ಕಡೆ ಮುಕ್ಕಾಗಿದೆ. ಇಂಥದ್ದನ್ನ ನಮಗೆ ಕಟ್ತೀಯಾ? ಈ ಇನ್ನೊಂದೂ ಮುಕ್ಕೇ, ಆದ್ರೆ ಒಂದೇ ಕಡೆ. ಬೇರೆ ಇಲ್ದಿದ್ರೆ ಇದನ್ನೇ ಕೊಡು."

ಗುರುತು ಎಂದರೆ ಎಲ್ಲೋ ಅಚ್ಚು ಹಾಕಿರುತ್ತಾರೆ ಎಂದು ಅವಳು ತಿಳಿದಿದ್ದಳು. ಕಣ್ಣಿಟ್ಟು ಹುಡುಕಿದ್ದರೆ ಕಾಣಬೇಕಿತ್ತು. ನಾನು ನಾಲಗೆ ಕಚ್ಚಿಕೊಂಡು ನಿಂತೆ. ಬಾಯಿ ಬಿಟ್ಟರೆ ಅವಳ ಗೆಲುವು ಕಳ್ಳ ಗೆಲುವಾಗುತ್ತಿತ್ತು. ಬಿಡದಿದ್ದರೆ ನಾಳೆಯಿಂದ ದೊಡ್ಡಮ್ಮ ಸೋಫಾದ ಮೇಲೆ. ನನಗೆ ಬಾಯಿ ಬಿಡುವ ಆಸೆಯೇ ಹೆಚ್ಚಾಗಿತ್ತು. ಅಷ್ಟರಲ್ಲಿ ಓಬಳಪ್ಪನವರಿಗೆ ತಡೆಯಲಾಗಲಿಲ್ಲ.

"ಅದು ಮುಕ್ಕಲ್ಲಮ್ಮ, ಅದೇ ಗುರುತು. ಕಂಪನಿಯೋರೇ ಕಟ್ ಮಾಡಿ ಕಳಿಸ್ತಾರೆ. ಒಂದು ಕಚ್ಚಿದ್ರೆ ತೆಳು, ಮೂರಿದ್ರೆ ದಪ್ಪ. ನಿಮ್ದು ಯಾವ್ದಂತ ಹಳೇದು ನೋಡಿ ಹೇಳಿ."

ಅಂಗಡಿಯವರ ಮಾತನ್ನು ನಂಬಿ ದೊಡ್ಡಮ್ಮನಿಗೆ ಅಭ್ಯಾಸವಿಲ್ಲ. ನನ್ನತ್ತ ಕೈ ಚಾಚಿ ಹಳೆಯದನ್ನು ಈಸಿಕೊಂಡಳು. ಅವಳ ಮುಖ ರಸ್ತೆಯ ಬಸ್ಸುಗಳ ಕಡೆಗಿತ್ತು, ಬೆರಳು ಅಂಚಿನ ಸುತ್ತ ನಿಧಾನವಾಗಿ ಹೋಗಿ ಬಂತು.

"ಇದ್ರಲ್ಲೂ ಮೂರಿದೆ. ನೀನ್ ಹೇಳಿದ್ದು ನಿಜ ಮರಿ. ಹಾಗಾದ್ರೆ ಆ ಮೂರಿಂದೇ ಕೊಡು."

ಆ ರಸ್ತೆಯಲ್ಲೇ ಸಾಷ್ಟಾಂಗ ಹಾಕುವಷ್ಟು ಖುಷಿಯಾಯಿತು ನನಗೆ. ಆದರೆ ಅವಳ ಕೆಲಸ ಮುಗಿದಿರಲಿಲ್ಲ. ಮೂರು ಕಚ್ಚಿನದನ್ನು ಮತ್ತೆ ಕೈಗೆ ತೆಗೆದುಕೊಂಡು, ಸೀರೆಯ ಸೆರಗನ್ನು ಪರೀಕ್ಷಿಸುವಂತೆ ಪೂರ್ತಿ ತಡವಿದಳು. ಒಂದು ಮೂಲೆಯಲ್ಲಿ ಉಗುರು ಸಿಕ್ಕಿಕೊಂಡಿತು.

"ಇಲ್ಲಿ ಮಡಿಸಿದ್ದಾರೆ."

"ಎಲ್ಲಮ್ಮ? ಚಾನ್ಸೇ ಇಲ್ಲ" ಎಂದು ಓಬಳಪ್ಪನವರು ಕನ್ನಡಕ ಏರಿಸಿ, ತಗಡನ್ನು ಲೈಟಿಗೆ ಹಿಡಿದರು. ನಾನೂ ಬಗ್ಗಿ ನೋಡಿದೆ. ಕೂದಲೆಳೆಯಷ್ಟು ಗೆರೆ. ಯಾರೋ ಅಟ್ಟದ ಮೇಲೆ ತುರುಕುವಾಗ ಬಗ್ಗಿಸಿ, ಮತ್ತೆ ನೆಟ್ಟಗೆ ಮಾಡಿ ಇಟ್ಟಿದ್ದರು. ಮಡಿಕೆ ಬಿದ್ದದ್ದನ್ನು ಹಾಕಿದರೆ ಅಲ್ಲಿಂದಲೇ ಸೋರುತ್ತದೆ. ಓಬಳಪ್ಪನವರು ಅಟ್ಟ ಹತ್ತಿ, ಪ್ಯಾಕ್ ಒಡೆಯದ ಇನ್ನೊಂದನ್ನು ತಂದರು. ಮೂರು ಕಚ್ಚು, ಮಡಿಕೆಯಿಲ್ಲ. ದೊಡ್ಡಮ್ಮ ಅದನ್ನೂ ತಡವಿ ಮುಗಿಸಿ ಕೊನೆಯ ಪ್ರಶ್ನೆ ಕೇಳಿದಳು.

"ಇದನ್ನ ನಿನ್ನ ಗಾಡಿಗೆ ಹಾಕ್ತೀಯಾ, ನಿಜ ಹೇಳು."

"ನನ್ನ ಹತ್ರ ಇರೋದು ಸೈಕಲ್ಲಮ್ಮ" ಎಂದರು ಓಬಳಪ್ಪನವರು.

ಚಾಮರಾಜಪೇಟೆಯಲ್ಲಿ ಪ್ರಸನ್ನ ಗ್ಯಾಸ್ಕೆಟನ್ನು ಎಂಜಿನ್ನಿನ ಮೇಲೆ ಇಟ್ಟು, ತೂತಿಗೆ ತೂತು ಕೂಡಿಸಿ, ಕಚ್ಚು ಎಣಿಸಿ, "ಪಕ್ಕಾ ಸರ್" ಎಂದ. ಪಂದ್ಯ ಮುಗಿಯಿತು, ದೊಡ್ಡಮ್ಮ ಗೆದ್ದಿದ್ದಳು. ಮನೆಗೆ ಹೋಗುವ ಆಟೋದಲ್ಲಿ ಸುಪ್ರಜಕ್ಕನ ಮುಖಕ್ಕೆ ಹೇಗೆ ಮಂಗಳಾರತಿ ಎತ್ತಬೇಕೆಂದು ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ.

"ಆ ಹುಡುಗ ಚುರುಕಾಗಿದಾನೆ ಕಣೋ" ಎಂದಳು ದೊಡ್ಡಮ್ಮ. "ಕೆಲಸ ಸಿಕ್ತು ಅಂತ ಓದು ಬಿಡ್ಬೇಡ ಅಂತ ಒಂದು ಮಾತು ಹೇಳ್ಬೇಕಿತ್ತು."

"ಯಾವ ಹುಡುಗ?"

"ಅದೇ, ಅಂಗಡೀಲಿದ್ನಲ್ಲ. ಮರಿ."

ನಾನು ನಕ್ಕೆ. ತಮಾಷೆ ಎಂದುಕೊಂಡೆ. ಅವಳು ನಗಲಿಲ್ಲ. ಯಾಕೆ ನಕ್ಕೆ ಎಂದು ಕೇಳುವಂತೆ ನನ್ನ ಕಡೆ ತಿರುಗಿದಳು. ಅವಳ ನೋಟ ನನ್ನ ಕಿವಿಯಿಂದ ಸ್ವಲ್ಪ ಆಚೆಗೆ ಬಿದ್ದಿತ್ತು.

ಕೈಯಳತೆಯಲ್ಲಿ ನಿಂತಿದ್ದ ಮನುಷ್ಯನ ಬಿಳಿ ತಲೆ ಇವಳಿಗೆ ಕಂಡಿರಲಿಲ್ಲ. ಅಷ್ಟು ಹೊತ್ತು ಬರೀ ಒಂದು ದನಿಯ ಜೊತೆ ಜಗಳವಾಡಿ ಬಂದಿದ್ದಳು. ಈ ಕಣ್ಣನ್ನು ಇಟ್ಟುಕೊಂಡು ಮಾರುಕಟ್ಟೆಯ ರಸ್ತೆ ದಾಟುತ್ತಾಳೆ, ಬಸ್ಸು ಹತ್ತುತ್ತಾಳೆ. ನಾವು ಬೀದಿಗೆ ಬೀದಿಯೇ ಅವಳ ಹಿಂದೆ ಚೀಲ ಹಿಡಿದುಕೊಂಡು ಹೋಗುತ್ತೇವೆ. ನನಗೆ ನಿಜವಾಗಿ ಹೆದರಿಕೆಯಾಯಿತು. ಸುಳ್ಳು ಹೇಳಿಬಿಡೋಣ ಎನ್ನಿಸಿತು, ಆದರೆ ಆ ಹೆದರಿಕೆಯ ಮುಂದೆ ಸುಳ್ಳು ಹೊರಡಲಿಲ್ಲ.

"ದೊಡ್ಡಮ್ಮ, ಅವರು ಹುಡುಗ ಅಲ್ಲ. ಹೆಚ್ಚುಕಮ್ಮಿ ನಿನ್ನ ವಯಸ್ಸು. ತಲೇಲಿ ಒಂದು ಕರಿ ಕೂದಲಿಲ್ಲ."

ಆಟೋ ಗವಿಪುರದ ತಿರುವಿಗೆ ಬರುವವರೆಗೂ ಅವಳು ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

"ನಾನು ಸೋತೆ ಅಂತ ಹೇಳು ಅವಳಿಗೆ" ಎಂದಳು.

"ಗೆದ್ದಿದೀಯಲ್ಲ. ಪ್ರಸನ್ನನೇ ಪಕ್ಕಾ ಅಂದ."

"ಗೆದ್ದೆ ಅಂದ್ರೆ ಅವಳು ಇನ್ನು ಕೇಳೋದೇ ಇಲ್ಲ. ನಾನಾಗೇ ಕರ್ಕೊಂಡ್ ಹೋಗು ಅನ್ನೋಕೆ ನನಗೆ ಬಾಯಿ ಬರಲ್ಲ ಕಣೋ. ಸೋತೆ ಅಂತ ಹೇಳ್ಬಿಡು."

ಮನೆಯ ಬಾಗಿಲಲ್ಲಿ ಸುಪ್ರಜಕ್ಕ ಕಾದು ನಿಂತಿದ್ದಳು. ಹೇಳಿದಂತೆ ಹೇಳಿದೆ, ದೊಡ್ಡಮ್ಮ ಸೋತಳು ಎಂದೆ. ಈ ಒಂದು ಮಾತಿಗಾಗಿ ಎರಡು ವರ್ಷ ಹಲ್ಲು ಮಸೆದವಳು ಈಗ ಕುಣಿಯುತ್ತಾಳೆ, ಬೀದಿಗೆಲ್ಲ ಕೇಳುವಂತೆ ಸಾರುತ್ತಾಳೆ ಎಂದುಕೊಂಡಿದ್ದೆ. ಅವಳು ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಸುಮ್ನಿರೋ. ಅಮ್ಮ ಸೋತು ಒಪ್ಕೊಳ್ಳೋದುಂಟಾ. ಏನಮ್ಮ, ಏನಾಯ್ತು?"

ದೊಡ್ಡಮ್ಮ ಜಗುಲಿಯ ಅಂಚನ್ನು ಕೈಯಿಂದ ತಡವಿ ನೋಡಿ ಕೂತಳು. ಅಷ್ಟು ದಿನ ಹೀಗೆ ತಡವುವುದನ್ನು ಮುಚ್ಚಿಟ್ಟುಕೊಂಡು ಕೂರುತ್ತಿದ್ದವಳು ಈಗ ಮುಚ್ಚಿಡಲಿಲ್ಲ.

"ನಾಳೆ ಕಣ್ಣಾಸ್ಪತ್ರೆಗೆ ಕರ್ಕೊಂಡ್ ಹೋಗು" ಎಂದಳು. "ಎರಡು ವರ್ಷದಿಂದ ಬರೀ ನಿನ್ನ ಬಾಯಿ ಕೇಳಿ ಕೇಳಿ ಸಾಕಾಗಿದೆ. ಮುಖ ನೋಡ್ಬೇಕು ಕಣೇ."