ಒಂಬತ್ತನೇ ಪುಟದ ಅಪ್ಪ

ಸ್ನೇಹಿತರೇ, ನಮ್ಮ ಚೆನ್ನೈ ಕನ್ನಡಿಗರ ಫೋರಮ್ಮಿನಲ್ಲಿ ಏನು ಹುಡುಕಿದರೂ ಈಗ ತಕ್ಷಣ ಸಿಗುತ್ತದೆ ಎಂದು ಹೋದ ವಾರ ನೀವೇ ನನ್ನನ್ನು ಹೊಗಳಿದ್ದಿರಿ. ಫೋರಮ್ ನೋಡಿಕೊಳ್ಳುವ ನಾನು ಮಾಡಿದ್ದು ಇಷ್ಟೇ: ಹುಡುಕಿದಾಗ ಹೆಚ್ಚು ಉತ್ತರ ಬಂದ ಪೋಸ್ಟು ಮೇಲೆ, ಉತ್ತರವೇ ಬಾರದ್ದು ಕೆಳಗೆ.

ಇವತ್ತು ಮಧ್ಯಾಹ್ನ ಸದಸ್ಯೆ ಶೈಲಜಾ ಫೋನ್ ಮಾಡಿದರು.

"ಸಾರ್, ಪೆರಂಬೂರಿನ ನಾಗೇಶ್ ಅವರ ತಂದೆ ತೀರ್ಕೊಂಡ್ರಂತೆ, ಈಗ ಫೋಟೋ ನೋಡ್ದೆ. ಬುಧವಾರ ಕೋಯಂಬೇಡು ಬಸ್ ಸ್ಟ್ಯಾಂಡಲ್ಲಿ ಅವರಿಗೆ ನಾನೇ ನೀರು ಕೊಟ್ಟಿದ್ದೆ. ಕನ್ನಡ ಬಿಟ್ರೆ ಬೇರೆ ಬರ್ತಿರ್ಲಿಲ್ಲ, ಮನೆ ಎಲ್ಲಿ ಅಂದ್ರೆ ಗೊತ್ತಿಲ್ಲ ಅಂದ್ರು. ಯಾರಾದ್ರೂ ಹುಡುಕ್ತಿದಾರಾ ಅಂತ ಅಲ್ಲೇ ನಿಂತು ಫೋರಮ್ಮಲ್ಲಿ ಕೋಯಂಬೇಡು ಅಂತ ಹಾಕ್ದೆ. ಬರೀ ಅಲ್ಲಿನ ಮಾರ್ಕೆಟ್ಟಿನ ತರಕಾರಿ ರೇಟು ಬಂತು. ಮೂರನೇ ಪೇಜು ನೋಡಿ ತಲೆ ಎತ್ತೋ ಹೊತ್ಗೆ ಅವ್ರು ಅಲ್ಲಿರ್ಲಿಲ್ಲ."

ನಾಗೇಶ್ ಮಂಗಳವಾರವೇ "ಅಪ್ಪ ಕೋಯಂಬೇಡಿನಲ್ಲಿ ಕಾಣೆಯಾಗಿದ್ದಾರೆ" ಎಂದು ಫೋಟೋ ಸಮೇತ ಹಾಕಿದ್ದರು. ನಮ್ಮಲ್ಲಿ ಹಲವರು ಓದಿದ್ದೆವು. ಗೊತ್ತಿಲ್ಲದ ಮೇಲೆ ಏನು ಬರೆಯುವುದು ಎಂದು ಒಬ್ಬರೂ ಬರೆಯಲಿಲ್ಲ. ಹಾಗಾಗಿ ಅದು ಒಂಬತ್ತನೇ ಪುಟಕ್ಕೆ ಇಳಿದಿತ್ತು.

"ಇನ್ನೂ ಸ್ವಲ್ಪ ಕೆಳಗೆ ನೋಡ್ಬೇಕಿತ್ತಾ ಸಾರ್ ನಾನು?" ಎಂದು ಶೈಲಜಾ ಕೇಳಿದರು.

"ಇಲ್ಲಮ್ಮ, ನಿಮ್ಮ ತಪ್ಪಲ್ಲ" ಎಂದೆ. ಯಾರ ತಪ್ಪು ಎಂದು ಅವರು ಕೇಳಲಿಲ್ಲ.

ಅಪ್ಪ ಹೋದರು ಎಂದು ನಾಗೇಶ್ ಬೆಳಿಗ್ಗೆ ಅದೇ ಪೋಸ್ಟಿನಲ್ಲಿ ಬರೆದ ಮೇಲೆ ನೀವೆಲ್ಲ ಬಿಡದೆ ಓಂ ಶಾಂತಿ ಹಾಕುತ್ತಿದ್ದೀರಿ. ಈಗ ಕೋಯಂಬೇಡು ಎಂದು ಹುಡುಕಿ ನೋಡಿ. ಎಲ್ಲಕ್ಕಿಂತ ಮೊದಲು ಅವರೇ ಸಿಗುತ್ತಾರೆ.